ಹಳೇ ಟರ್ಮಿನಲ್ ಬಿಚ್ಚುವ ಮುಂಚೆ: ಕೆಂಪು ವೈರ್‌ಗಿಂತ ಡಬ್ಬಿ ಕೆಪಾಸಿಟರ್‌ಗೆ ಹೆದರಿ

ಪ್ರಶ್ನೆ: ಬೆಂಗಳೂರಿನ ಎಸ್‌.ಪಿ. ರಸ್ತೆ ಹತ್ತಿರದ ಗುಜರಿ ಅಂಗಡಿಯಲ್ಲಿ ಡೆಕ್ (ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್) ಕಂಪನಿಯ ವಿಟಿ220 ಟರ್ಮಿನಲ್, ಅಂದರೆ ದೊಡ್ಡ ಕಂಪ್ಯೂಟರಿಗೆ ಜೋಡಿಸುತ್ತಿದ್ದ ಪರದೆ-ಕೀಬೋರ್ಡ್ ಯಂತ್ರ, ಒಂದು ಸಿಕ್ಕಿತು. ಕೀಬೋರ್ಡ್ ಕೂಡ ಇದೆ. ನಿನ್ನೆ ಆನ್ ಮಾಡಿದೆ. ಬೀಪ್ ಬಂತು, ಕೀಬೋರ್ಡಿನ ದೀಪಗಳು ಮಿಣುಕಿದವು. ಆದರೆ ಪರದೆ ಕಪ್ಪು. ಬಿಚ್ಚಿ ನೋಡೋಣ ಅಂದರೆ ನಮ್ಮ ಮಾವ "ಪಿಕ್ಚರ್ ಟ್ಯೂಬಲ್ಲಿ ಸಾವಿರಾರು ವೋಲ್ಟ್ ಇರುತ್ತೆ, ಮುಟ್ಟಬೇಡ" ಅಂತಾರೆ. ಗೆಳೆಯ "ಪ್ಲಗ್ ತೆಗೆದ ಮೇಲೆ ಏನಿರುತ್ತೆ, ಸುಮ್ನೆ ಬಿಚ್ಚು" ಅಂತಾನೆ. ಯಾರ ಮಾತು ಕೇಳಲಿ? ಪಿಸಿ ಬಿಚ್ಚಿ ಅಭ್ಯಾಸ ಇದೆ. ಟ್ಯೂಬ್ ಇರುವ ಯಾವುದನ್ನೂ ಮುಟ್ಟಿಲ್ಲ. (ತುಮಕೂರಿನ ಓದುಗರು)

ಉತ್ತರ: ಇಬ್ಬರ ಮಾತಿನಲ್ಲಿ ಮಾವನ ಮಾತೇ ವಾಸಿ. ಆದರೆ ಅವರು ತೋರಿಸಿದ ಅಪಾಯ ಒಂದೇ. ಅದಕ್ಕಿಂತ ದೊಡ್ಡದು ಪಕ್ಕದಲ್ಲೇ ಇದೆ, ಅದರ ಬಗ್ಗೆ ಯಾರೂ ಹೇಳುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಪೂರ್ತಿ ಓದಿದ ಮೇಲೆಯೇ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ.

ಮೊದಲು ಒಂದು ಸಂತೋಷದ ಮಾತು. ವಿಟಿ220 ಬಂದಿದ್ದು 1983ರಲ್ಲಿ. ಅದರ ಅಣ್ಣ ವಿಟಿ100, 1978ರದ್ದು. ಇವತ್ತು ನೀವು ಲಿನಕ್ಸ್‌ನಲ್ಲಿ ಟರ್ಮಿನಲ್ ಕಿಟಕಿ ತೆರೆದಾಗ ಕರ್ಸರ್ ಓಡಾಡುವುದು, ಅಕ್ಷರ ದಪ್ಪವಾಗುವುದು ಎಲ್ಲವೂ ಈ ಮನೆತನದ ಯಂತ್ರಗಳು ರೂಢಿಗೆ ತಂದ ಸಂಕೇತಗಳಿಂದಲೇ. ಮಾಡಿದ ಕಂಪನಿ 1998ರಲ್ಲಿ ಕಾಂಪ್ಯಾಕ್ ಪಾಲಾಯಿತು. ಹೊಸ ಬಿಡಿಭಾಗ ಸಿಗುವುದಿಲ್ಲ. ಟ್ಯೂಬ್ ಒಡೆದರೆ ಇನ್ನೊಂದು ಹುಡುಕುವುದು ಬಹಳ ಕಷ್ಟ. ಆದ್ದರಿಂದ ಇಲ್ಲಿ ಎರಡು ಜೀವ ಕಾಪಾಡಬೇಕು: ನಿಮ್ಮದು ಮತ್ತು ಅದರದ್ದು.

ಬಿಚ್ಚುವ ಅಗತ್ಯವೇ ಇದೆಯಾ, ಅದನ್ನು ಮೊದಲು ನೋಡೋಣ. ಬೀಪ್ ಬಂದಿದೆ, ಕೀಬೋರ್ಡ್ ದೀಪ ಮಿಣುಕಿದೆ ಅಂದರೆ ಒಳಗಿನ ಪವರ್ ಸಪ್ಲೈ ಎದ್ದಿದೆ, ಲಾಜಿಕ್ ಬೋರ್ಡ್ ಕೂಡ ಎಚ್ಚರವಾಗಿದೆ. ಸರಿಯಾಗಿದ್ದಿದ್ದರೆ ಕೆಲವು ಸೆಕೆಂಡಿನಲ್ಲಿ ಪರದೆಯ ನಡುವೆ "ವಿಟಿ220 ಓಕೆ" ಅಂತ ಬರಬೇಕಿತ್ತು. ಬ್ರೈಟ್‌ನೆಸ್, ಕಾಂಟ್ರಾಸ್ಟ್ ಎರಡನ್ನೂ ಪೂರ್ತಿ ಒಂದು ಕಡೆಗೆ, ಆಮೇಲೆ ಪೂರ್ತಿ ಇನ್ನೊಂದು ಕಡೆಗೆ ತಿರುಗಿಸಿ ನೋಡಿ. ಕೆಟ್ಟಿದೆ ಅಂತ ಗುಜರಿಗೆ ಹಾಕಿದ ಟರ್ಮಿನಲ್‌ಗಳಲ್ಲಿ ಬ್ರೈಟ್‌ನೆಸ್ ಮಾತ್ರ ಇಳಿದಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಅದಾದ ಮೇಲೆ ಹಿಂಬದಿ ನೋಡಿ. ದುಂಡಗಿನ ಬಿಎನ್‌ಸಿ ಕನೆಕ್ಟರ್ ಒಂದಿರುತ್ತದೆ. ಅದು ಕಾಂಪೋಸಿಟ್ ವಿಡಿಯೋ ಔಟ್‌ಪುಟ್. ಬಿಎನ್‌ಸಿಯಿಂದ ಆರ್‌ಸಿಎಗೆ ಹೋಗುವ ಅಡಾಪ್ಟರ್ ಸಿಸಿಟಿವಿ ಸಾಮಾನು ಮಾರುವ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಟಿವಿಯ ಹಳದಿ ವಿಡಿಯೋ ಸಾಕೆಟ್ಟಿಗೆ ಜೋಡಿಸಿ. ಟಿವಿಯಲ್ಲಿ ಅಕ್ಷರ ಬಂದರೆ ಲಾಜಿಕ್ ಬೋರ್ಡ್ ಪೂರ್ತಿ ಚೆನ್ನಾಗಿದೆ, ತೊಂದರೆ ಪಿಕ್ಚರ್ ಟ್ಯೂಬಿನ ಕಡೆ ಮಾತ್ರ ಅಂತ ಗೊತ್ತಾಗುತ್ತದೆ. ಒಂದು ಸ್ಕ್ರೂ ಕೂಡ ಬಿಚ್ಚದೆ ಅರ್ಧ ಕೆಲಸ ಮುಗಿಯಿತು ಅಲ್ವಾ?

ಇನ್ನೂ ಮೂರು ಪರೀಕ್ಷೆ ಹೊರಗಿನಿಂದಲೇ ಆಗುತ್ತವೆ. ಕೋಣೆಯ ದೀಪ ಆರಿಸಿ, ಗಾಳಿ ಕಿಂಡಿಗಳಲ್ಲಿ ಇಣುಕಿ. ಟ್ಯೂಬಿನ ಕತ್ತಿನಲ್ಲಿ (ಹಿಂದಿನ ಸಣ್ಣ ಕೊಳವೆಯಂಥ ಭಾಗದಲ್ಲಿ) ಸಣ್ಣ ಕಿತ್ತಳೆ ಬಣ್ಣದ ಮಿಣುಕು ಕಂಡರೆ ಅದರೊಳಗಿನ ಹೀಟರ್ ತಂತಿ ಉರಿಯುತ್ತಿದೆ. ಆಮೇಲೆ ಆನ್ ಮಾಡಿದ ತಕ್ಷಣ ತೆಳ್ಳಗಿನ ಕಾಗದದ ಚೂರೊಂದನ್ನು ಪರದೆ ಹತ್ತಿರ ಹಿಡಿಯಿರಿ. ಕಾಗದ ಎಳೆದುಕೊಂಡರೆ, ಇಲ್ಲವೇ ಮುಂಗೈ ಕೂದಲು ನಿಮಿರಿದರೆ, ಇಎಚ್‌ಟಿ, ಅಂದರೆ ಟ್ಯೂಬಿಗೆ ಬೇಕಾದ ಸಾವಿರಾರು ವೋಲ್ಟ್, ಇದೆ ಅಂತ ಅರ್ಥ. ಕಿವಿಗೂ ಕೆಲಸ ಕೊಡಿ. ಸುಮಾರು 15 ಕಿಲೋಹರ್ಟ್ಸ್‌ನ ಸಣ್ಣ "ಕೀಂ" ಶಬ್ದ ಬರಬೇಕು. ವಯಸ್ಸಾದವರಿಗೆ ಅದು ಕೇಳಿಸುವುದಿಲ್ಲ. ಮನೆಯ ಮಕ್ಕಳನ್ನು ಕೇಳಿ, ಅವರು ಬಾಗಿಲಲ್ಲೇ ನಿಂತು ಹೇಳುತ್ತಾರೆ.

ಪ್ಲಗ್ ಹಾಕುವ ಮುಂಚೆ ವೋಲ್ಟೇಜ್ ಸೆಲೆಕ್ಟರ್ ಸ್ವಿಚ್ ನೋಡಿದ್ದಿರಾ? ಹಿಂದೆ 115 ಮತ್ತು 230 ಅಂತ ಎರಡು ಸ್ಥಾನ ಇರುತ್ತದೆ. ನಿನ್ನೆ ಆನ್ ಆಗಿದೆ, ಸಿಡಿದಿಲ್ಲ, ಹಾಗಾಗಿ 230ರಲ್ಲೇ ಇರಬೇಕು. ಆದರೂ ಕಣ್ಣಾರೆ ನೋಡಿಕೊಳ್ಳಿ. ಇಂಥ ಸ್ವಿಚ್ ಇರುವ ಹಳೇ ಎಸ್‌ಎಂಪಿಎಸ್‌ಗಳು (ಸ್ವಿಚಿಂಗ್ ಪವರ್ ಸಪ್ಲೈಗಳು) ಸಾಮಾನ್ಯವಾಗಿ 115ರ ಸ್ಥಾನದಲ್ಲಿ ಬರುವ ವೋಲ್ಟೇಜನ್ನು ಒಳಗೆ ಎರಡರಷ್ಟು ಮಾಡಿಕೊಳ್ಳುತ್ತವೆ. ನಮ್ಮ 230 ಅಲ್ಲಿಗೆ ಹೋದರೆ ಒಳಗೆ 650 ವೋಲ್ಟ್ ಹತ್ತಿರ ಆಗುತ್ತದೆ. ಕೆಪಾಸಿಟರ್‌ಗಳು (ಚಾರ್ಜ್ ತುಂಬಿಟ್ಟುಕೊಳ್ಳುವ ಭಾಗಗಳು) ಪಟಾಕಿಯಂತೆ ಸಿಡಿಯುತ್ತವೆ.

ಈಗ ಅಪಾಯದ ಲೆಕ್ಕ. ಇದನ್ನು ನಿಧಾನವಾಗಿ ಓದಿ, ಯಾಕೆಂದರೆ ಎಲ್ಲರ ಹೆದರಿಕೆ ತಪ್ಪು ಜಾಗದಲ್ಲಿದೆ.

ಪಿಕ್ಚರ್ ಟ್ಯೂಬಿನ ಗಾಜಿಗೆ ಒಳಗೂ ಹೊರಗೂ ಕಪ್ಪು ಗ್ರಾಫೈಟ್ ಲೇಪ ಇರುತ್ತದೆ. ನಡುವೆ ಗಾಜು. ಅಂದರೆ ಟ್ಯೂಬೇ ಒಂದು ಕೆಪಾಸಿಟರ್. 12 ಇಂಚಿನ ಒಂದೇ ಬಣ್ಣದ ಟ್ಯೂಬಿನಲ್ಲಿ ಹತ್ತರಿಂದ ಹದಿನೈದು ಸಾವಿರ ವೋಲ್ಟ್ ಇರುತ್ತದೆ. ಆದರೆ ಅದರ ಕೆಪಾಸಿಟಿ ತುಂಬಾ ಕಡಿಮೆ, ಸುಮಾರು ಒಂದು ನ್ಯಾನೋಫ್ಯಾರಡ್ ಅಂತ ಇಟ್ಟುಕೊಳ್ಳಿ. 12,000 ವೋಲ್ಟಿಗೆ ಲೆಕ್ಕ ಹಾಕಿದರೆ ಅದರಲ್ಲಿ ತುಂಬಿರುವ ಶಕ್ತಿ 0.07 ಜೂಲ್.

ಪವರ್ ಸಪ್ಲೈನ ಪ್ರೈಮರಿ ಕಡೆ, ಅಂದರೆ ಮೇನ್ಸ್ ಬರುವ ಕಡೆ, ದಪ್ಪ ಡಬ್ಬಿಯಂಥ ಕೆಪಾಸಿಟರ್ ಒಂದೋ ಎರಡೋ ಇರುತ್ತವೆ. 230 ವೋಲ್ಟ್ ಎಸಿ ನೇರವಾಗಿ ಡಿಸಿ ಆಗಿ ಅಲ್ಲಿ ಸುಮಾರು 325 ವೋಲ್ಟ್ ತುಂಬಿಕೊಳ್ಳುತ್ತದೆ. 220 ಮೈಕ್ರೋಫ್ಯಾರಡ್ ಅಂತ ಹಿಡಿದರೆ 11 ಜೂಲ್‌ಗೂ ಜಾಸ್ತಿ. ಟ್ಯೂಬಿಗಿಂತ 150 ಪಟ್ಟು! ಟ್ಯೂಬಿನದು ಬೆಚ್ಚಿಬೀಳಿಸುವ ಏಟು, ಒಂದು ಕ್ಷಣದಲ್ಲಿ ಮುಗಿಯುತ್ತದೆ. ಈ ಡಬ್ಬಿಯದು ಕೈಯನ್ನು ಸುಟ್ಟೂ ಬಿಡದ ಏಟು. ಒಂದು ಕೈಯಿಂದ ಇನ್ನೊಂದು ಕೈಗೆ, ಎದೆಯ ಮೂಲಕ ಹಾದರೆ ಹೃದಯಕ್ಕೇ ಅಪಾಯ. ಟ್ಯೂಬಿಗೆ ಹೋಗುವ ದಪ್ಪ ಕೆಂಪು ವೈರು ಕಂಡರೆ ಎಲ್ಲರೂ ಕೈ ಹಿಂದೆ ತೆಗೆಯುತ್ತಾರೆ. ಮೂಲೆಯಲ್ಲಿ ಸುಮ್ಮನೆ ಕುಳಿತ ಡಬ್ಬಿ ಕಂಡರೆ ಯಾರೂ ತೆಗೆಯುವುದಿಲ್ಲ. ನನಗೆ ಚಿಂತೆ ಅದರದೇ.

ಇನ್ನೊಂದು ವಿಷಯ ಗೊತ್ತಿರಲಿ. ಚೆನ್ನಾಗಿರುವ ಸಪ್ಲೈ ಪ್ಲಗ್ ತೆಗೆದ ಮೇಲೂ ಒಂದು ಗಳಿಗೆ ಓಡಿ, ಡಬ್ಬಿಯಲ್ಲಿರುವುದನ್ನು ತಾನೇ ಬಹುಪಾಲು ಕುಡಿದುಬಿಡುತ್ತದೆ. ಕೆಟ್ಟು ನಿಂತ ಸಪ್ಲೈ ಕುಡಿಯುವುದಿಲ್ಲ. ಡಬ್ಬಿ ತುಂಬಿಯೇ ಇರುತ್ತದೆ. ನಿಮ್ಮದು ಓಡುತ್ತಿರುವುದು ಒಳ್ಳೆಯದೇ. ಆದರೂ ಅಳೆಯದೆ ನಂಬಬೇಡಿ.

ಹಾಗಾದರೆ ಟ್ಯೂಬಿನ ಏಟು ಲೆಕ್ಕಕ್ಕಿಲ್ಲವಾ ಅಂತ ಕೇಳಬಹುದು. ಇದೆ, ಆದರೆ ಬೇರೆ ಕಾರಣಕ್ಕೆ. 1991ರಲ್ಲಿ ಒಂದು ಬ್ಯಾಂಕ್ ಶಾಖೆಯಲ್ಲಿ ನಾನು ಟರ್ಮಿನಲ್ ಬಿಚ್ಚಿ ಕುಳಿತಿದ್ದೆ. ಕೌಂಟರಿನಲ್ಲಿ ಜನ ಕಾಯುತ್ತಿದ್ದರು. ಆತುರದಲ್ಲಿ ಡಿಸ್ಚಾರ್ಜ್ ಮಾಡದೆ, ಅಂದರೆ ತುಂಬಿದ ಚಾರ್ಜ್ ಇಳಿಸದೆ, ಆ ಕೆಂಪು ವೈರು ಟ್ಯೂಬಿಗೆ ಸೇರುವ ಕಡೆ ಇರುವ ರಬ್ಬರ್ ಟೋಪಿಯ ಅಂಚಿಗೆ ಬೆರಳು ತಾಗಿಸಿದೆ. ಏಟು ಹೊಡೆಯಿತು, ನೋವು ಅಷ್ಟೇನೂ ಇರಲಿಲ್ಲ. ಆದರೆ ಕೈ ತಾನಾಗಿ ಹಿಂದಕ್ಕೆ ಚಿಮ್ಮಿತು. ಮೊಣಕೈ ಟ್ಯೂಬಿನ ಕತ್ತಿಗೆ ಬಡಿಯಿತು. ಒಂದು ಸಣ್ಣ "ಟಿಕ್", ಆಮೇಲೆ "ಸ್‌ಸ್‌ಸ್" ಅಂತ ಗಾಳಿ ಒಳಗೆ ಹೋಗುವ ಶಬ್ದ. ಅಷ್ಟೇ. ಆ ಟ್ಯೂಬ್ ಸತ್ತಿತ್ತು. ಆ ಶಬ್ದ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಟ್ಯೂಬಿನ ಕತ್ತು ಹೆಬ್ಬೆರಳಿನಷ್ಟೇ ದಪ್ಪ. ಗಾಜು ತೆಳು. ತುದಿಯಲ್ಲಿ, ಪ್ಲಾಸ್ಟಿಕ್ ಬೇಸ್ ಒಳಗೆ, ಗಾಳಿ ತೆಗೆದು ಮುಚ್ಚಿದ ಮೊನೆ ಇರುತ್ತದೆ. ಅದು ಇನ್ನೂ ಸೂಕ್ಷ್ಮ. ಕತ್ತು ಮುರಿದರೆ ಬಹಳ ಸಲ ಗಾಳಿ ನುಗ್ಗಿ ಟ್ಯೂಬ್ ಹಾಳಾಗುತ್ತದೆ, ಅಷ್ಟರಲ್ಲೇ ಮುಗಿಯುತ್ತದೆ. ದೊಡ್ಡ ಭಾಗಕ್ಕೆ ಏಟು ಬಿದ್ದರೆ ಕಥೆ ಬೇರೆ. ಹೊರಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕೆಜಿಯಷ್ಟು ಒತ್ತುತ್ತಿರುತ್ತದೆ. 12 ಇಂಚಿನ ಪರದೆಯ ಮುಖದ ಮೇಲೇ ನಾಲ್ಕು ಕ್ವಿಂಟಲ್‌ಗಿಂತ ಜಾಸ್ತಿ ಭಾರ. ಒಡೆದರೆ ಗಾಜು ಒಳಕ್ಕೆ ನುಗ್ಗಿ, ಅಲ್ಲಿಂದ ಹೊರಕ್ಕೆ ಚಿಮ್ಮುತ್ತದೆ. ಆದ್ದರಿಂದ ಕಣ್ಣಿಗೆ ಕನ್ನಡಕ ಬೇಕು. ಮುಖದ ಬದಿಯನ್ನೂ ಮುಚ್ಚುವ, ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಬಿಳಿ ಗಾಗಲ್ ಸಾಕು. ತುಂಬುತೋಳಿನ ಅಂಗಿ ಹಾಕಿ.

ಈಗ ಕೆಲಸಕ್ಕೆ ಬರೋಣ.

ಗೋಡೆಯ ಸ್ವಿಚ್ ಆರಿಸಿದರೆ ಸಾಲದು. ನಮ್ಮ ಹಳೇ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಕೊಟ್ಟಿರುವುದು ಅಪರೂಪವೇನಲ್ಲ. ಆಗ ಸ್ವಿಚ್ ಆರಿದ್ದರೂ ಯಂತ್ರದೊಳಗೆ ಫೇಸ್ ಬಂದು ಕೂತಿರುತ್ತದೆ. ಪ್ಲಗ್ ಕಿತ್ತುಬಿಡಿ. ಯಂತ್ರದ ಕಡೆಯಿಂದಲೂ ಪವರ್ ಕೇಬಲ್ ಬಿಡಿಸಿ, ಬೇರೆ ಕೋಣೆಯಲ್ಲಿಡಿ. "ಒಂದು ಸಲ ಆನ್ ಮಾಡಿ ನೋಡೋಣ" ಅಂತ ಮನಸ್ಸು ಎಳೆದಾಗ ಎದ್ದು ಹೋಗಿ ತರಬೇಕಾಗುತ್ತದೆ. ಆ ನಾಲ್ಕು ಹೆಜ್ಜೆಯಲ್ಲಿ ಬುದ್ಧಿ ಬರುತ್ತದೆ. ಕೀಬೋರ್ಡ್ ಮತ್ತು ಹಿಂದಿನ ಎಲ್ಲ ಕೇಬಲ್ ತೆಗೆಯಿರಿ. ಉಂಗುರ, ವಾಚ್, ಕಡಗ, ಕತ್ತಿನ ಸರ ಕಳಚಿ. ಮನೆಯಲ್ಲಿ ಇನ್ನೊಬ್ಬರು ಇರುವಾಗ ಮಾತ್ರ ಕೆಲಸ ಮಾಡಿ, ಮೇನ್ ಸ್ವಿಚ್ ಎಲ್ಲಿದೆ ಅಂತ ಅವರಿಗೆ ತೋರಿಸಿ.

ಪಿಸಿ ಕೆಲಸದಲ್ಲಿ ಕೈಗೆ ಕಟ್ಟುವ ಸ್ಟ್ಯಾಟಿಕ್ ಪಟ್ಟಿ ಇದೆಯಲ್ಲ, ಅದನ್ನು ಈಗ ಕಟ್ಟಬೇಡಿ. ಅದು ನಿಮ್ಮ ಮೈಯನ್ನು ಅರ್ತ್‌ಗೆ ಜೋಡಿಸುತ್ತದೆ. ಹೆಚ್ಚು ವೋಲ್ಟೇಜ್ ಇರುವ ಕಡೆ ನಮಗೆ ಬೇಕಿರುವುದು ಅದಕ್ಕೆ ಉಲ್ಟಾ. ಎಲ್ಲ ಡಿಸ್ಚಾರ್ಜ್ ಆದ ಮೇಲೆ, ಲಾಜಿಕ್ ಬೋರ್ಡ್ ಕೈಗೆ ತೆಗೆದುಕೊಳ್ಳುವಾಗ ಕಟ್ಟಿಕೊಳ್ಳಿ.

ಕವಚದ ಸ್ಕ್ರೂಗಳು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ ಜಾಗದಲ್ಲಿರುತ್ತವೆ. ಡೆಕ್ ಟರ್ಮಿನಲ್‌ಗಳ ಸರ್ವೀಸ್ ಕೈಪಿಡಿಗಳು ಬಿಟ್‌ಸೇವರ್ಸ್ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತವೆ. ಚಿತ್ರದ ಪುಟ ಪ್ರಿಂಟ್ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಕೆಲವು ಸ್ಕ್ರೂ ಸಡಿಲವಾಗುತ್ತವೆ, ಹೊರಗೆ ಬರುವುದಿಲ್ಲ. ಅವನ್ನು ಕವಚದಲ್ಲೇ ಉಳಿಯುವಂತೆ ಮಾಡಿರುತ್ತಾರೆ. ಎಳೆದು ಕೀಳಬೇಡಿ. ನಲವತ್ತು ವರ್ಷದ ಪ್ಲಾಸ್ಟಿಕ್ ಹಪ್ಪಳದಂತೆ ಮುರಿಯುತ್ತದೆ. ಎಲ್ಲ ಸ್ಕ್ರೂ ಬಿಚ್ಚಿದ ಮೇಲೂ ಕವಚ ಬರದಿದ್ದರೆ ಎಲ್ಲೋ ಲಾಕ್ ಇದೆ ಅಂತ ಅರ್ಥ. ಸ್ಕ್ರೂಡ್ರೈವರ್ ತುರುಕಬೇಡಿ. ಅವಧಿ ಮುಗಿದ ಎಟಿಎಂ ಕಾರ್ಡನ್ನು ಸಂದಿಯಲ್ಲಿ ಮೆಲ್ಲಗೆ ಓಡಿಸಿ, ಎಲ್ಲಿ ತಡೆಯುತ್ತದೆ ನೋಡಿ. ಟಾರ್ಚ್ ಹಿಡಿದರೆ ಲಾಕ್ ಕಾಣುತ್ತದೆ.

ಟರ್ಮಿನಲ್‌ನ ಭಾರವೆಲ್ಲ ಮುಂದೆ, ಟ್ಯೂಬಿನ ಮುಖದಲ್ಲಿ. ಹಿಂದಿನ ಕವಚ ತೆಗೆದ ತಕ್ಷಣ ಅದು ಮೂಗು ಮುಗ್ಗರಿಸುತ್ತದೆ. ಇದನ್ನು ಗೊತ್ತಿಲ್ಲದವರು ಹಿಡಿಯಲು ಹೋಗಿ ಕತ್ತಿಗೇ ಕೈ ಹಾಕುತ್ತಾರೆ. ಹಾಗಾಗಿ ಮೇಜಿನ ಮೇಲೆ ಹಳೇ ಹತ್ತಿ ಬೆಡ್‌ಶೀಟ್ ನಾಲ್ಕು ಮಡಿಕೆ ಮಾಡಿ ಹಾಸಿ. ಕಂಬಳಿ ಬೇಡ, ಉಣ್ಣೆ ಸ್ಟ್ಯಾಟಿಕ್ ಹುಟ್ಟಿಸುತ್ತದೆ. ಕೈಪಿಡಿ ಮಲಗಿಸಲು ಹೇಳಿದ್ದರೆ ಪರದೆ ಕೆಳಗೆ ಮಾಡಿ ಮಲಗಿಸಿ, ಕವಚವನ್ನು ನೇರ ಮೇಲಕ್ಕೆ ಎತ್ತಿ. ಓರೆಯಾಗಿ ಎತ್ತಬೇಡಿ. ಕವಚದ ಒಳಗಿನ ಅಂಚು ಕತ್ತಿನ ಬೋರ್ಡಿಗೆ (ಕತ್ತಿನ ತುದಿಗೆ ಸಿಕ್ಕಿಸಿದ ಸಣ್ಣ ಬೋರ್ಡಿಗೆ) ತಾಗುವುದು ಆಗಲೇ. ಎರಡು ಬೆರಳಿನಷ್ಟು ಎತ್ತಿದ ಮೇಲೆ ನಿಲ್ಲಿಸಿ, ಒಳಗಿನಿಂದ ಕವಚಕ್ಕೆ ವೈರ್ ಏನಾದರೂ ಹೋಗಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ.

ತೆಗೆದ ಮೇಲೆ ಏನನ್ನೂ ಮುಟ್ಟಬೇಡಿ. ಐದು ನಿಮಿಷ ಕಣ್ಣಲ್ಲೇ ನೋಡಿ, ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಗುಜರಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಯಂತ್ರ. ಒಳಗೆ ಏನೇನೋ ಇರುತ್ತದೆ. ಗಾಳಿ ಕಿಂಡಿಯಲ್ಲಿ ಕುಂಬಾರ ಹುಳದ ಮಣ್ಣಿನ ಗೂಡು, ಬೋರ್ಡಿನ ಮೇಲೆ ಒಣಗಿ ಅಂಟಿದ ಹಲ್ಲಿ, ಇಲಿ ಉಚ್ಚೆಯ ಹಸಿರು ಕಲೆ. ಇವೆಲ್ಲ ಶಾರ್ಟ್ ಮಾಡುತ್ತವೆ. ಮೇನ್ಸ್ ಬರುವ ಕಡೆ ಅರೆಪಾರದರ್ಶಕ, ಹಳದಿ ಮಿಶ್ರಿತ ಚೌಕಾಕಾರದ ಕೆಪಾಸಿಟರ್ ಇದ್ದು, ಅದರ ಮೈ ಬಿರುಕು ಬಿಟ್ಟಿದ್ದರೆ ಅದನ್ನು ಬದಲಾಯಿಸದೆ ಮತ್ತೆ ಆನ್ ಮಾಡಬೇಡಿ. ಒಳಗಿನ ಕಾಗದ ಬಿರುಕಿನಿಂದ ತೇವ ಹೀರಿಕೊಂಡಿರುತ್ತದೆ. ಆನ್ ಮಾಡಿದ ಸ್ವಲ್ಪ ಹೊತ್ತಿನಲ್ಲಿ ಮನೆ ತುಂಬ ಹೊಗೆ. ಅಷ್ಟೇ ಮೈಕ್ರೋಫ್ಯಾರಡ್ ಇರುವ, ಮೇನ್ಸ್‌ಗೆಂದೇ ಮಾಡಿದ "ಎಕ್ಸ್2" ದರ್ಜೆಯ ಹೊಸ ಕೆಪಾಸಿಟರನ್ನೇ ಹಾಕಬೇಕು, ಸಾಮಾನ್ಯದ್ದು ಬೇಡ.

ಮೊದಲ ಡಿಸ್ಚಾರ್ಜ್, ಡಬ್ಬಿಯದು. ಮಲ್ಟಿಮೀಟರನ್ನು ಮೊದಲು ಒಂದು 9 ವೋಲ್ಟ್ ಬ್ಯಾಟರಿಗೆ ಹಿಡಿದು ನೋಡಿ. ಸತ್ತ ಮೀಟರ್ ಕೂಡ ಸೊನ್ನೆ ತೋರಿಸುತ್ತದೆ, ಅದನ್ನು ನಂಬಿದರೆ ಕೆಟ್ಟಿರಿ. 600 ಅಥವಾ 1,000 ವೋಲ್ಟ್ ಡಿಸಿ ರೇಂಜಿಗೆ ಹಾಕಿ ಕೆಪಾಸಿಟರಿನ ಎರಡು ಕಾಲುಗಳ ನಡುವೆ ಅಳೆಯಿರಿ. ಎರಡು ಡಬ್ಬಿ ಇದ್ದರೆ ಎರಡನ್ನೂ. ಒಂದು ಕೈ ಜೇಬಿನಲ್ಲಿರಲಿ. ಕಪ್ಪು ಪ್ರೋಬನ್ನು ಕ್ಲಿಪ್‌ನಿಂದ ಸಿಕ್ಕಿಸಿ, ಕೆಂಪನ್ನು ಒಂದೇ ಕೈಯಲ್ಲಿ ಹಿಡಿಯಿರಿ. ಹತ್ತು ವೋಲ್ಟಿಗಿಂತ ಜಾಸ್ತಿ ಇದ್ದರೆ 10 ಕಿಲೋಓಮ್, 10 ವ್ಯಾಟ್ ವೈರ್‌ವೂಂಡ್ ರೆಸಿಸ್ಟರಿಗೆ ಇನ್ಸುಲೇಷನ್ ಇರುವ ವೈರ್ ಬೆಸೆದು, ಕಾಲುಗಳಿಗೆ ಹದಿನೈದು ಇಪ್ಪತ್ತು ಸೆಕೆಂಡ್ ಹಿಡಿಯಿರಿ. ಮತ್ತೆ ಅಳೆಯಿರಿ. ನಮ್ಮ ಹಳೇ ಟಿವಿ ಮೆಕ್ಯಾನಿಕ್‌ಗಳು ಇದಕ್ಕೆ 60 ವ್ಯಾಟ್ ಬಲ್ಬ್ ಹೋಲ್ಡರ್ ಇಟ್ಟುಕೊಂಡಿರುತ್ತಿದ್ದರು. ಫಕ್ಕನೆ ಹತ್ತಿ ಆರುತ್ತದೆ, ಕಣ್ಣಿಗೇ ಕಾಣುತ್ತದೆ. ಅದೂ ಒಳ್ಳೆಯ ಪದ್ಧತಿಯೇ. ಸ್ಕ್ರೂಡ್ರೈವರ್ ಅಡ್ಡ ಇಟ್ಟು "ಢಂ" ಅನ್ನಿಸುವುದು ಮಾತ್ರ ಬೇಡ. ಕಿಡಿಗೆ ತುದಿ ಕರಗುತ್ತದೆ, ಬೋರ್ಡಿನ ತಾಮ್ರ ಎದ್ದು ಬರುತ್ತದೆ, ಕಣ್ಣಿಗೆ ಲೋಹ ಸಿಡಿಯುತ್ತದೆ.

ಎರಡನೆಯದು ಟ್ಯೂಬ್. ನಿಮ್ಮ ಕೆಲಸ ಬರೀ ಲಾಜಿಕ್ ಬೋರ್ಡ್ ನೋಡುವುದಾಗಿದ್ದರೆ ರಬ್ಬರ್ ಟೋಪಿಯ ತಂಟೆಗೆ ಹೋಗಬೇಡಿ ಅಂತ ಹೇಳುತ್ತಿದ್ದೆ. ನಿಮ್ಮ ಲಕ್ಷಣ ನೋಡಿದರೆ ಟ್ಯೂಬಿನ ಸುತ್ತಲೇ ಕೆಲಸ ಇದೆ, ಡಿಸ್ಚಾರ್ಜ್ ಮಾಡಲೇಬೇಕು. ಹಳೇ ಒಂದೇ ಬಣ್ಣದ ಟ್ಯೂಬ್‌ಗಳಲ್ಲಿ ಚಾರ್ಜ್ ಇಳಿಸುವ ರೆಸಿಸ್ಟರ್ ಇಲ್ಲದಿರುವುದೇ ಜಾಸ್ತಿ. ದಿನಗಟ್ಟಲೆ ನಿಂತಿರಬಹುದು. ನೀವು ಆನ್ ಮಾಡಿದ್ದು ನಿನ್ನೆ.

ಟ್ಯೂಬಿನ ಬೆನ್ನಿನ ಮೇಲೆ, ಕಪ್ಪು ಲೇಪಕ್ಕೆ ಒತ್ತಿಕೊಂಡಂತೆ ಹೆಣೆದ ಬರಿ ತಾಮ್ರದ ಪಟ್ಟಿ ಕಾಣುತ್ತದೆ, ಸ್ಪ್ರಿಂಗ್ ಎಳೆದು ಬಿಗಿದಿರುತ್ತಾರೆ. ಕ್ಲಿಪ್ ವೈರಿನ ಒಂದು ತುದಿಯನ್ನು ಅಲ್ಲಿಗೇ ಸಿಕ್ಕಿಸಿ. ಲಾಜಿಕ್ ಬೋರ್ಡಿನ ಗ್ರೌಂಡಿಗೆ ಬೇಡ, ಆ ಕಿಡಿ ಚಿಪ್‌ಗಳನ್ನು ಸುಡುತ್ತದೆ. ಹತ್ತು 1 ಮೆಗಾಓಮ್ ರೆಸಿಸ್ಟರ್‌ಗಳನ್ನು ಸಾಲಾಗಿ ಬೆಸೆದು ಪ್ಲಾಸ್ಟಿಕ್ ಕೊಳವೆಯಲ್ಲಿ ತೂರಿಸಿ, ಅದರ ಮೂಲಕ ವೈರನ್ನು ಉದ್ದ ಪ್ಲಾಸ್ಟಿಕ್ ಹಿಡಿಯ ತೆಳು ಸ್ಕ್ರೂಡ್ರೈವರಿನ ಲೋಹಕ್ಕೆ ಜೋಡಿಸಿ. ಮೊದಲು ಗ್ರೌಂಡ್ ಕ್ಲಿಪ್, ಆಮೇಲೆ ಟೋಪಿ. ಈ ಕ್ರಮ ತಪ್ಪಬಾರದು. ಒಂದು ಕೈ ಬೆನ್ನ ಹಿಂದೆ. ಸ್ಕ್ರೂಡ್ರೈವರನ್ನು ಗಾಜಿಗೆ ಚಪ್ಪಟೆಯಾಗಿ ಒರಗಿಸಿ, ರಬ್ಬರ್ ಟೋಪಿಯ ಅಡಿಗೆ ಮೆಲ್ಲಗೆ ಜಾರಿಸಿ, ನಡುವಿನ ಲೋಹದ ಕೊಕ್ಕೆ ಸಿಗುವ ತನಕ. ಮೀಟಬೇಡಿ, ಗಾಜಿಗೆ ಗೀರು ಬೀಳಬಾರದು. ಗೀರು ಬಿದ್ದ ಟ್ಯೂಬ್ ಮುಂದೆ ಯಾವತ್ತಾದರೂ ಬಿರುಕು ಬಿಡುತ್ತದೆ. ಹತ್ತು ಸೆಕೆಂಡ್ ಅಲ್ಲೇ ಹಿಡಿದಿರಿ. ಶಬ್ದ ಬಂದರೂ ಬರದಿದ್ದರೂ ಆಯಿತು ಅಂದುಕೊಳ್ಳಬೇಡಿ. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡಿ. ಗಾಜು ತಾನು ಹೀರಿಕೊಂಡ ಚಾರ್ಜನ್ನು ಮೆಲ್ಲಗೆ ವಾಪಸ್ ಬಿಡುತ್ತದೆ, ಟೋಪಿಯಲ್ಲಿ ಮತ್ತೆ ಸ್ವಲ್ಪ ವೋಲ್ಟೇಜ್ ಏರುತ್ತದೆ. ಸಾಮಾನ್ಯ ಮಲ್ಟಿಮೀಟರಿನಲ್ಲಿ ಈ ಟೋಪಿಯನ್ನು ಅಳೆಯಲು ಹೋಗಲೇಬೇಡಿ. ಮೀಟರ್ ಜೊತೆ ಕೈಯೂ ಹೋಗುತ್ತದೆ.

ಇಷ್ಟಾದ ಮೇಲೆ ನಿಮ್ಮ ತೊಂದರೆಗೆ ಬನ್ನಿ. ಟಿವಿಯಲ್ಲಿ ಅಕ್ಷರ ಬಂದು, ಟರ್ಮಿನಲ್ ಪರದೆ ಕಪ್ಪಾಗಿದ್ದರೆ ನಾನು ಮೊದಲು ನೋಡುವುದು ಎಲ್‌ಒಟಿ (ಟ್ಯೂಬಿನ ಸಾವಿರಾರು ವೋಲ್ಟ್ ಹುಟ್ಟಿಸುವ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್) ಕಾಲುಗಳ ಬೆಸುಗೆ. ಅದು ಭಾರದ ವಸ್ತು, ಬಿಸಿಯಾಗಿ ತಣ್ಣಗಾಗಿ ಬೆಸುಗೆಯಲ್ಲಿ ಕೂದಲೆಳೆಯಂಥ ಉಂಗುರ ಬಿರುಕು ಬಿಟ್ಟಿರುತ್ತದೆ. ಲೆನ್ಸ್ ಹಿಡಿದು, ಬೆಳಕು ಓರೆಯಾಗಿ ಬಿಟ್ಟರೆ ಕಾಣುತ್ತದೆ. ಯೋಕ್ (ಕತ್ತಿನ ಸುತ್ತ ಇರುವ ತಾಮ್ರದ ಸುರುಳಿ) ಕನೆಕ್ಟರ್, ಕತ್ತಿನ ಬೋರ್ಡಿನ ಸಾಕೆಟ್ ಇವೂ ಅಷ್ಟೇ. ಕತ್ತಿನ ಬೋರ್ಡನ್ನು ತೆಗೆಯಬೇಕಾದರೆ ನೇರ ಹಿಂದಕ್ಕೆ, ಎರಡು ಬದಿಯಿಂದ ಸಮವಾಗಿ ಎಳೆಯಿರಿ. ಅಲುಗಾಡಿಸಬೇಡಿ. ಬೆಸುಗೆ ಸರಿಯಿದ್ದರೆ ಆ ಸುತ್ತಿನ ಸಣ್ಣ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿರುವ ಸಾಧ್ಯತೆ ಜಾಸ್ತಿ.

ಕವಚ ತೆಗೆದಿರುವಾಗ ಆನ್ ಮಾಡಿ ಅಳೆಯುವ ಕೆಲಸ ಬಂದರೆ ಅಲ್ಲಿ ನೀವು ನಿಲ್ಲಿಸಿ. ಮೊದಲನೇ ಟ್ಯೂಬ್ ಇದು. ಪ್ರೈಮರಿ ಕಡೆಯ ಹೀಟ್‌ಸಿಂಕ್ ಕೂಡ ಎಷ್ಟೋ ಸಪ್ಲೈಗಳಲ್ಲಿ ಮೇನ್ಸ್‌ಗೆ ಸೇರಿರುತ್ತದೆ, ನೋಡಲು ಬರೀ ಅಲ್ಯೂಮಿನಿಯಂ ತಗಡು. ನಿಮ್ಮ ಮಾವ ಟ್ಯೂಬ್ ಬಗ್ಗೆ ಅಷ್ಟು ಹೇಳಿದ್ದಾರೆ ಅಂದರೆ ಅವರಿಗೆ ಸ್ವಲ್ಪ ತಿಳಿದಿರಬಹುದು. ಇಲ್ಲದಿದ್ದರೆ ತುಮಕೂರಿನಲ್ಲೇ ಡಬ್ಬಿ ಟಿವಿ ರಿಪೇರಿ ಮಾಡುತ್ತಿದ್ದ ಹಿರಿಯ ಮೆಕ್ಯಾನಿಕ್ ಯಾರಾದರೂ ಸಿಗುತ್ತಾರೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಟರ್ಮಿನಲ್‌ನ ಟ್ಯೂಬ್ ಭಾಗ ಒಂದು ಕಪ್ಪುಬಿಳುಪು ಟಿವಿಯೇ, ಅವರಿಗೆ ಹೊಸದೇನೂ ಇರುವುದಿಲ್ಲ.

ಮತ್ತೆ ಮುಚ್ಚುವಾಗಲೂ ಕತ್ತಿನ ಕಡೆ ಗಮನ ಇರಲಿ. ಬಿಚ್ಚುವಾಗ ಹೆದರಿಕೆಯಿಂದ ಹುಷಾರಾಗಿರುತ್ತೇವೆ. ಮುಚ್ಚುವಾಗ ಕೆಲಸ ಆದ ಖುಷಿಯಲ್ಲಿ ಕೈ ಬೀಸಾಗುತ್ತದೆ. ಕವಚವನ್ನು ನೇರ ಕೆಳಗಿಳಿಸಿ, ತಾಗಿದಂತೆ ಅನಿಸಿದರೆ ಒತ್ತದೆ ಎತ್ತಿ ನೋಡಿ. ಸ್ಕ್ರೂ ಎಣಿಸಿ, ಒಂದು ಕಡಿಮೆ ಇದ್ದರೆ ಅದು ಒಳಗೇ ಬಿದ್ದಿದೆ. ಆನ್ ಮಾಡುವುದು ಸೀರೀಸ್ ಬಲ್ಬ್ ಮೂಲಕ, ಅಂದರೆ ಯಂತ್ರಕ್ಕೆ ಹೋಗುವ ಕರೆಂಟ್ ಮೊದಲು ಒಂದು ಬಲ್ಬ್ ಹಾದು ಹೋಗುವಂತೆ, 100 ವ್ಯಾಟಿನದು. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಪ್ಲಗ್ ತೆಗೆಯಿರಿ. ಟಿವಿಗೆ ಹಾಕಿ ನೋಡಿದಾಗ ಏನು ಕಂಡಿತು, ಕತ್ತಿನಲ್ಲಿ ಕಿತ್ತಳೆ ಬೆಳಕು ಇತ್ತಾ, ಕಾಗದ ಎಳೆಯಿತಾ, ಈ ಮೂರನ್ನು ಬರೆದು ಕಳಿಸಿ. ಮುಂದಿನದನ್ನು ಅಲ್ಲಿಂದ ಹೇಳುತ್ತೇನೆ.